ಚಳಿಗಾಲದ ಲೀಗ್ ನನಗೆ ಕಾಂಟ್ರಾಕ್ಟ್ ಕೊಡಿಸಿದ ಬಗೆ

ಕಾಲೇಜು ಮುಗಿಸಿದ ವರ್ಷ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ನನ್ನನ್ನು ಯಾವ ತಂಡವೂ ಆರಿಸಲಿಲ್ಲ. 2019ರವರೆಗೆ 40 ಸುತ್ತು ನಡೆಯುತ್ತಿದ್ದ ಡ್ರಾಫ್ಟ್ ಕೋವಿಡ್ ವರ್ಷದಲ್ಲಿ 5 ಸುತ್ತಿಗೆ ಇಳಿದು, 2021ರಿಂದ 20ಕ್ಕೆ ಬಂದು ನಿಂತಿದೆ. ಅದೇ 2021ರಲ್ಲಿ ಮೇಜರ್ ಲೀಗ್ ತಂಡಗಳ ಅಧೀನದ ಮೈನರ್ ಲೀಗ್ (ಕೆಳಹಂತದ) ತಂಡಗಳನ್ನೂ 160ರಿಂದ 120ಕ್ಕೆ ಇಳಿಸಿದರು. ಮೊದಲಾಗಿದ್ದರೆ ಮೂವತ್ತನೇ ಸುತ್ತಿನಲ್ಲೋ ಮೂವತ್ತೈದನೇ ಸುತ್ತಿನಲ್ಲೋ ಹೆಸರು ಬರಬಹುದಾಗಿದ್ದ ಹುಡುಗರೆಲ್ಲ ಈಗ ಯಾವ ತಂಡದ ಕರಾರೂ ಇಲ್ಲದ ಫ್ರೀ ಏಜೆಂಟ್‌ಗಳು. ನಾನೂ ಅವರಲ್ಲೊಬ್ಬ. ತಂಡ ಕೈಬಿಟ್ಟವರು, ಮೈನರ್ ಲೀಗ್‌ನಲ್ಲಿ ಆರು ಏಳು ವರ್ಷ ಕಳೆದು ಕರಾರು ಮುಗಿಸಿಕೊಂಡವರು ಕೂಡ ಇದೇ ಸಾಲಿನಲ್ಲಿ ನಿಂತಿರುತ್ತಾರೆ.

ಮೈಸೂರಿನಲ್ಲಿ ಐದನೇ ಕ್ಲಾಸಿನವರೆಗೆ ಓದಿ, ಅಪ್ಪನ ಕೆಲಸದಿಂದಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದವನು ನಾನು. ಬಲಗೈ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಕೈಯನ್ನು ತಲೆಯ ಮೇಲಿಂದ ತರುವುದಿಲ್ಲ, ಭುಜದ ಮಟ್ಟದಲ್ಲಿ ಅಡ್ಡ ಬೀಸಿ ಎಸೆಯುತ್ತೇನೆ. ಇದನ್ನು ಸೈಡ್‌ಆರ್ಮ್ ಅನ್ನುತ್ತಾರೆ. ವೇಗ ಗಂಟೆಗೆ 85 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 137 ಕಿಲೋಮೀಟರ್. ಮೇಜರ್ ಲೀಗ್‌ನಲ್ಲಿ ಈಗ ಫಾಸ್ಟ್‌ಬಾಲ್‌ನ ಸರಾಸರಿಯೇ 150 ಕಿಲೋಮೀಟರ್ ದಾಟಿದೆ. ವೇಗ ಅಳೆಯುವ ಯಂತ್ರದ ಮುಂದೆ ನಿಂತರೆ ನನ್ನ ಹೆಸರು ಪಟ್ಟಿಯ ಬುಡದಲ್ಲಿ. ಆದರೆ ನನ್ನ ಸಿಂಕರ್ ಎಂಬ ಎಸೆತ ಬ್ಯಾಟರ್ ಹತ್ತಿರ ಬರುತ್ತಾ ತಗ್ಗುತ್ತದೆ, ಹೊಡೆದರೆ ಚೆಂಡು ನೆಲಕ್ಕೇ ಉರುಳುತ್ತದೆ. ಬೇಸ್‌ನಲ್ಲಿ ಓಟಗಾರನಿದ್ದಾಗ ಅಂಥ ಒಂದು ಉರುಳು ಚೆಂಡು ಸಿಕ್ಕರೆ ಡಬಲ್ ಪ್ಲೇ, ಒಂದೇ ಏಟಿಗೆ ಇಬ್ಬರು ಔಟ್. ಈ ಗುಣ ಯಂತ್ರದ ಒಂದು ಅಂಕಿಯಲ್ಲಿ ಕಾಣುವುದಿಲ್ಲ. ಪಂದ್ಯದಲ್ಲೇ ಕಾಣಬೇಕು.

ಅದಕ್ಕೇ ಒಂದು ದಿನದ ಟ್ರೈಔಟ್‌ಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅದು ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಕೇಸರಿಬಾತು ತಿಂದು ಮುಗಿಸುವಷ್ಟರಲ್ಲಿ ಒಪ್ಪಿಗೆಯೋ ಅಲ್ಲವೋ ಹೇಳಿಬಿಡಬೇಕು. ಪಿಚರ್‌ಗೆ ಹತ್ತು ಹದಿನೈದು ಎಸೆತ, ಔಟ್‌ಫೀಲ್ಡರ್‌ಗೆ 60 ಗಜದ ಓಟ, ಒಂದಿಷ್ಟು ಬ್ಯಾಟಿಂಗ್. ಎತ್ತರದ, ವೇಗದ ಹುಡುಗನಿಗೆ ಅಷ್ಟು ಸಾಕು. ಮೂರು ದಿನದಲ್ಲಿ ಎರಡು ಸಲ ಎಸೆದರೂ ಕೈ ನಿಲ್ಲುತ್ತದೆಯೇ, ಮೊದಲ ಬ್ಯಾಟರ್‌ಗೆ ವಾಕ್ (ನಾಲ್ಕು ಕೆಟ್ಟ ಎಸೆತದಿಂದ ಪುಕ್ಕಟೆ ಬೇಸ್) ಕೊಟ್ಟ ಮೇಲೆ ತಲೆ ನಿಲ್ಲುತ್ತದೆಯೇ ಅನ್ನುವುದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಕಾಂಟ್ರಾಕ್ಟ್ ಕೊಡುವ ಮ್ಯಾನೇಜರ್‌ಗೆ ಬೇಕಾದದ್ದು ಆ ಎರಡೇ ಸಂಗತಿ.

ಹಾಗಾಗಿ ಪಾಮ್ ಸ್ಪ್ರಿಂಗ್ಸ್‌ನ ಕ್ಯಾಲಿಫೋರ್ನಿಯಾ ವಿಂಟರ್ ಲೀಗ್ ಆರಿಸಿಕೊಂಡೆ. 2010ರಲ್ಲಿ ಶುರುವಾದದ್ದು. ಅಮೆರಿಕದ ಉತ್ತರದ ಎಷ್ಟೋ ಊರುಗಳು ಹಿಮದಡಿ ಇರುವ ಜನವರಿ ಫೆಬ್ರವರಿಯಲ್ಲಿ ಈ ಮರುಭೂಮಿಯ ಊರಿನಲ್ಲಿ ಹಗಲಿಡೀ ಒಳ್ಳೆಯ ಬಿಸಿಲು. ಆಡುವ ಪಾಮ್ ಸ್ಪ್ರಿಂಗ್ಸ್ ಸ್ಟೇಡಿಯಂನಲ್ಲಿ 1992ರವರೆಗೆ ಮೇಜರ್ ಲೀಗ್‌ನ ಏಂಜಲ್ಸ್ ತಂಡ ವಸಂತದ ತರಬೇತಿ ನಡೆಸುತ್ತಿತ್ತು. (ಇದೇ ಹೆಸರಿನ ಇನ್ನೊಂದು ಚಳಿಗಾಲದ ಲೀಗ್ ಕಳೆದ ಶತಮಾನದ ಮೊದಲರ್ಧದಲ್ಲಿ ಲಾಸ್ ಏಂಜಲಿಸ್‌ನಲ್ಲಿತ್ತು. ಮೇಜರ್ ಲೀಗ್‌ನ ಬಾಗಿಲು ಕಪ್ಪು ಜನರಿಗೆ ಮುಚ್ಚಿದ್ದ ಕಾಲದಲ್ಲಿ ಸ್ಯಾಚೆಲ್ ಪೇಜ್ ಅವರಂಥ ಪಿಚರ್‌ಗಳು ಅಲ್ಲಿ ಬಿಳಿಯರ ತಂಡಗಳ ಎದುರು ಆಡಿದರು. ಎರಡಕ್ಕೂ ಸಂಬಂಧವಿಲ್ಲ. ಆದರೂ ಆ ಹೆಸರಿನ ಅಂಗಿ ತೊಟ್ಟಾಗ ನನಗೆ ಅವರ ನೆನಪಾಗುತ್ತಿತ್ತು.)

ಇಲ್ಲಿ ಆಟಗಾರನೇ ಶುಲ್ಕ ಕಟ್ಟಬೇಕು. ಈ ಮಾತಿಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಪ್ಪ ಹೇಳಿದ್ದು: "ಸಂಬಳ ಕೊಡೋ ಕಡೆ ಆಡ್ತೀನಿ ಅಂದ್ರೆ ಸರಿ ಕಣೋ. ನಾವೇ ದುಡ್ಡು ಕೊಟ್ಟು ಆಡಿದ್ರೆ ಅದು ಹೆಂಗೆ ಕೆಲಸ ಆಗುತ್ತೆ?" ನ್ಯಾಯವಾದ ಪ್ರಶ್ನೆ. ದುಡ್ಡು ಪಡೆದು ಬರೀ ಫೋಟೊ, ವಿಡಿಯೊ ಕೊಟ್ಟು ಕಳಿಸುವ ಶೋಕೇಸ್‌ಗಳು ಬೇಕಾದಷ್ಟಿವೆ. ನಾನು ನೋಡಿದ್ದು ಒಂದೇ ವಿಷಯ: ಡಗ್‌ಔಟ್‌ನಲ್ಲಿ ಕೂರುವ ಮ್ಯಾನೇಜರ್ ಮತ್ತು ಕೋಚ್‌ಗಳು ಯಾರು? ಪಾಮ್ ಸ್ಪ್ರಿಂಗ್ಸ್‌ನಲ್ಲಿ ತಂಡ ನಡೆಸುವವರು ಬೇಸಿಗೆಯಲ್ಲಿ ಸ್ವತಂತ್ರ ಲೀಗ್‌ಗಳಲ್ಲಿ (ತಂಡಗಳು ಮೇಜರ್ ಲೀಗ್ ತಂಡಗಳ ಅಧೀನದಲ್ಲಿಲ್ಲದ ಲೀಗ್‌ಗಳು) ಕೆಲಸ ಮಾಡುವವರು. ರೋಸ್ಟರ್ (ತಂಡದ ಆಟಗಾರರ ಪಟ್ಟಿ) ತುಂಬಿಸುವ ಅಧಿಕಾರ ಇರುವವರೇ ವಾರಗಟ್ಟಲೆ ನಮ್ಮ ಜೊತೆ ಇರುತ್ತಾರೆ. ಅಮ್ಮ ನಡುವೆ ಬಂದು, "ಒಂದು ಸಲ ಹೋಗಿ ಬರಲಿ ಬಿಡಿ" ಅಂದಳು. ಮಾತು ಅಲ್ಲಿಗೆ ಮುಗಿಯಿತು. ಇಂದಿಗೂ ನನ್ನನ್ನು ಕೇಳುವ ಹುಡುಗರಿಗೆ ಹೇಳುವುದು ಇದನ್ನೇ: ಬೇಸಿಗೆಯಲ್ಲಿ ತಂಡ ಇಲ್ಲದವನು ಚಳಿಗಾಲದಲ್ಲಿ ನಿಮ್ಮನ್ನು ಎಷ್ಟು ಮೆಚ್ಚಿದರೂ ಕಾಂಟ್ರಾಕ್ಟ್ ಹುಟ್ಟುವುದಿಲ್ಲ.

ಹೋಗುವ ಮೊದಲು ಪಿಚಿಂಗ್‌ಗಿಂತ ಹೆಚ್ಚು ಹೊತ್ತು ರೋಸ್ಟರ್ ನಿಯಮ ಓದಿದ್ದೇನೆ. ಮೇಜರ್ ಲೀಗ್‌ನ ಪಾಲುದಾರರಾದ ಸ್ವತಂತ್ರ ಲೀಗ್‌ಗಳು, ಅಟ್ಲಾಂಟಿಕ್ ಲೀಗ್, ಅಮೆರಿಕನ್ ಅಸೋಸಿಯೇಷನ್, ಫ್ರಾಂಟಿಯರ್ ಲೀಗ್, ಪಯೋನಿಯರ್ ಲೀಗ್ ನಾಲ್ಕಕ್ಕೂ ಬೇರೆ ಬೇರೆ ಸ್ವಭಾವ. ಅಟ್ಲಾಂಟಿಕ್‌ನಲ್ಲಿ ಮೇಜರ್ ಲೀಗ್ ಮುಟ್ಟಿ ಬಂದವರ ಸಂಖ್ಯೆ ಜಾಸ್ತಿ. 2015ರಲ್ಲಿ ಪಿಚರ್ ರಿಚ್ ಹಿಲ್ ಅಲ್ಲಿಯ ಲಾಂಗ್ ಐಲೆಂಡ್ ಡಕ್ಸ್ ಪರ ಎರಡು ಪಂದ್ಯಗಳಲ್ಲಿ ಮೊದಲ ಪಿಚರ್ ಆಗಿ ಎಸೆದು ಮೇಜರ್ ಲೀಗ್‌ನ ಬಾಸ್ಟನ್ ರೆಡ್ ಸಾಕ್ಸ್‌ಗೆ ಹೋದರಲ್ಲ, ಅದು ಅಂಥ ಜಾಗ. ಹೊಸಬನಿಗೆ ಅಲ್ಲಿ ಬಾಗಿಲು ಸುಲಭಕ್ಕೆ ತೆರೆಯದು. ಪಯೋನಿಯರ್ ಲೀಗ್ ಅನುಭವ ಕಡಿಮೆ ಇರುವವರಿಗೇ ಇರುವುದು. ಆದರೆ ಅದರ ಎಷ್ಟೋ ಮೈದಾನಗಳು ಎತ್ತರದ ಪ್ರದೇಶದಲ್ಲಿವೆ. ತೆಳು ಗಾಳಿಯಲ್ಲಿ ಚೆಂಡಿನ ದಾರಿ ಕಡಿಮೆ ಬಾಗುತ್ತದೆ, ಹೆಚ್ಚು ದೂರ ಹಾರುತ್ತದೆ. ಸಿಂಕರ್ ನಂಬಿದವನಿಗೆ ಅದು ಕಷ್ಟದ ಜಾಗ. ಫ್ರಾಂಟಿಯರ್ ಲೀಗ್‌ನಲ್ಲಿ ಆಟಗಾರರನ್ನು ಅನುಭವದ ಮೇಲೆ ವಿಂಗಡಿಸಿ, ಹೊಸಬರಿಗೆ ಇಂತಿಷ್ಟು ಜಾಗ ಅಂತ ಮೀಸಲಿಡುತ್ತಾರೆ. ಶಿಕಾಗೋ ಸುತ್ತಲಿನ ಊರುಗಳಿಂದ ಕೆನಡಾದ ಕ್ವಿಬೆಕ್‌ವರೆಗೆ ತಂಡಗಳಿವೆ. ನನ್ನ ಗುರಿ ಅದೇ ಆಯಿತು. ಪಾಸ್‌ಪೋರ್ಟ್ ನವೀಕರಿಸಿ ಇಟ್ಟುಕೊಂಡೆ. ಗಡಿ ದಾಟಲಾಗದ ಪಿಚರ್ ಆ ಲೀಗ್‌ನ ಮ್ಯಾನೇಜರ್‌ಗೆ ತಲೆನೋವು.

ಲೀಗ್ ಶುರುವಾದ ಮೇಲೆ ನನಗೆ ಕಂಡದ್ದು: ಅಲ್ಲಿಗೆ ಬರುವವರಲ್ಲಿ ಬಹಳಷ್ಟು ಜನ ತಮ್ಮ ಅತ್ಯುತ್ತಮ ಎಸೆತವನ್ನೇ ಪದೇ ಪದೇ ತೋರಿಸುತ್ತಾರೆ. ಮ್ಯಾನೇಜರ್ ಅದನ್ನು ಮೊದಲ ದಿನವೇ ನೋಡಿ ಬರೆದುಕೊಂಡಿರುತ್ತಾನೆ. ಆಮೇಲೆ ಅವನು ಹುಡುಕುವುದು ಆಟಗಾರ ಎಲ್ಲಿ ಸೋಲುತ್ತಾನೆ ಅನ್ನುವುದನ್ನು. ಸೈಡ್‌ಆರ್ಮ್ ಬಲಗೈ ಪಿಚರ್ ಬಗ್ಗೆ ಇರುವ ಅನುಮಾನ ಒಂದೇ. ಬಲಗೈ ಬ್ಯಾಟರ್‌ಗಳಿಗೆ ಅವನ ಚೆಂಡು ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ. ಎಡಗೈಯವರಿಗೆ ಕೈ ಪೂರ್ತಿ ತೆರೆದು ಕಾಣುತ್ತದೆ, ಅವರು ಹೊಡೆಯುತ್ತಾರೆ. ಹಿಂದೆ ಒಬ್ಬನೇ ಬ್ಯಾಟರ್‌ಗೆ ಎಸೆದು ಹೊರಗೆ ಬರುವ ಪಿಚರ್‌ಗಳಿಗೂ ಕೆಲಸವಿತ್ತು. 2020ರಲ್ಲಿ ಮೇಜರ್ ಲೀಗ್, ಇನಿಂಗ್ಸ್ ಮುಗಿಯದ ಹೊರತು ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಲೇಬೇಕು ಎಂಬ ನಿಯಮ ತಂದ ಮೇಲೆ ಆ ಕೆಲಸ ಹೋಯಿತು. ಮೇಲಿನ ಹಂತಕ್ಕೆ ಮಾರಬಹುದಾದ ಪಿಚರ್ ಬೇಕಾದರೆ ಅವನು ಎಡಗೈಯವರನ್ನೂ ಔಟ್ ಮಾಡಬೇಕು.

ಆದ್ದರಿಂದ ಪಿಚಿಂಗ್ ಕೋಚ್ ಬಳಿ ಹೋಗಿ ಕೇಳಿದೆ: "ಎದುರಾಳಿ ಸಾಲಿನಲ್ಲಿ ಎಡಗೈಯವರು ಎಲ್ಲಿ ಒಟ್ಟಿಗೆ ಬರುತ್ತಾರೋ ಅಲ್ಲಿ ನನ್ನನ್ನು ಹಾಕಿ." ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಒಪ್ಪಿದರು. ಆ ತಿಂಗಳಿಡೀ ನಾನು ಚೇಂಜಪ್ ಎಂಬ ಎಸೆತದ ಮೇಲೆಯೇ ದುಡಿದೆ. ಕೈಯ ವೇಗ ಸಿಂಕರ್‌ನದ್ದೇ, ಆದರೆ ಚೆಂಡು ಅಂಗೈಗೆ ಹತ್ತಿರ ಹಿಡಿದಿರುವುದರಿಂದ ಎಂಟು ಹತ್ತು ಮೈಲಿ ನಿಧಾನವಾಗಿ ಬಂದು ಎಡಗೈ ಬ್ಯಾಟರ್‌ನಿಂದ ದೂರಕ್ಕೆ ಸರಿಯುತ್ತದೆ. ಮೊದಲ ವಾರ ಅದರ ಮೇಲೆ ಏಟುಗಳೂ ಬಿದ್ದವು, ರನ್ನೂ ಹೋದವು. ಚಳಿಗಾಲದ ಲೀಗ್‌ನಲ್ಲಿ ನಿಮ್ಮ ಅಂಕಿಅಂಶವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಎರಡನೇ ವಾರ ನೀವು ಮೊದಲ ವಾರಕ್ಕಿಂತ ಬೇರೆ ಪಿಚರ್ ಆಗಿದ್ದೀರಾ ಎಂಬುದನ್ನು ಮಾತ್ರ ಗಮನಿಸುತ್ತಾರೆ. ಕೋಚ್ ಹೇಳಿದ ತಿದ್ದುಪಡಿಯನ್ನು ಮೂರೇ ದಿನದಲ್ಲಿ ಪಂದ್ಯದಲ್ಲಿ ಕಾಣಿಸಿದವನ ಹೆಸರು ಅವರ ಪುಸ್ತಕದಲ್ಲಿ ಮೇಲಕ್ಕೆ ಹೋಗುತ್ತದೆ. ಪಂದ್ಯವಿಲ್ಲದ ಹೊತ್ತಿನಲ್ಲಿ ನಡೆದುಕೊಳ್ಳುವುದೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಿಡೀ ಒಂದೇ ಬಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಬೇಕಾದ ಮನುಷ್ಯನನ್ನು ಅವರು ಆರಿಸುತ್ತಿರುತ್ತಾರೆ.

ಲೀಗ್ ಮುಗಿಯುವ ವಾರ ಒಂದು ಫ್ರಾಂಟಿಯರ್ ಲೀಗ್ ತಂಡದ ಮ್ಯಾನೇಜರ್ ನನ್ನನ್ನು ಬುಲ್‌ಪೆನ್ (ಪಿಚರ್‌ಗಳು ಪಂದ್ಯಕ್ಕೆ ಕೈ ಸಿದ್ಧಮಾಡಿಕೊಳ್ಳುವ ಜಾಗ) ಬೇಲಿಯ ಹತ್ತಿರ ಕರೆದರು. ಅವರ ತಂಡದಲ್ಲಿ ಏಳನೇ ಇನಿಂಗ್ಸ್‌ನಲ್ಲಿ ಓಟಗಾರರು ಬೇಸ್ ಮೇಲಿದ್ದಾಗ ಇಳಿಸಲು ಯಾರೂ ಇರಲಿಲ್ಲ. ಹೊಸಬರ ಜಾಗವೂ ಒಂದು ಖಾಲಿ ಇತ್ತು. ನನ್ನ ಸಿಂಕರ್‌ನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಎಡಗೈಯವರಿಗೆ ಎಸೆದ ಚೇಂಜಪ್ ಬಗ್ಗೆಯೇ ಮಾತಾಡಿದರು.

ಕಾಂಟ್ರಾಕ್ಟ್ ಸರಳವಾಗಿತ್ತು. ಸೀಸನ್ ನಡೆಯುವ ತಿಂಗಳುಗಳಿಗೆ ಮಾತ್ರ ಸಂಬಳ, ಅದೂ ಸಣ್ಣದು. ವಾಸಕ್ಕೆ ಊರಿನ ಒಂದು ಆತಿಥೇಯ ಕುಟುಂಬದ ಮನೆ. ಮುಂದಿನ ವರ್ಷವೂ ನನ್ನನ್ನು ಇಟ್ಟುಕೊಳ್ಳುವ ಹಕ್ಕು ತಂಡದ್ದು. ಮೇಜರ್ ಲೀಗ್ ಸಂಸ್ಥೆ ಯಾವುದಾದರೂ ಕೇಳಿದರೆ ನನ್ನ ಕರಾರನ್ನು ಅವರಿಗೆ ಮಾರಬಹುದು. ಸಹಿ ಹಾಕುವವರು ಕೊನೆಯ ಅಂಶವನ್ನು ಎರಡು ಸಲ ಓದಿ, ಬಾಯಿಬಿಟ್ಟು ಕೇಳಿ ಖಚಿತ ಮಾಡಿಕೊಳ್ಳಿ. ರೆಡ್ ಸಾಕ್ಸ್‌ಗೆ ಆಡಿದ ಔಟ್‌ಫೀಲ್ಡರ್ ಡೇನಿಯಲ್ ನಾವಾ ಅವರ ದಾರಿ ಅದೇ. ಕಾಲೇಜು ತಂಡದಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದವರು, ಡ್ರಾಫ್ಟ್ ಆಗದವರು. ಚೀಕೊ ಔಟ್‌ಲಾಸ್ ಎಂಬ ಸ್ವತಂತ್ರ ತಂಡ ಮೊದಲ ಟ್ರೈಔಟ್‌ನಲ್ಲಿ ಅವರನ್ನು ಬೇಡ ಅಂದು, ಮರುವರ್ಷ ಕರೆಯಿತು. ರೆಡ್ ಸಾಕ್ಸ್ ಅವರ ಹಕ್ಕನ್ನು ಕೊಂಡದ್ದು 1 ಡಾಲರ್‌ಗೆ, ಉಳಿಸಿಕೊಂಡರೆ ಇನ್ನೂ 1,499 ಡಾಲರ್ ಎಂಬ ಕರಾರಿನ ಮೇಲೆ. 2010ರ ಜೂನ್ 12ರಂದು ಮೇಜರ್ ಲೀಗ್‌ನಲ್ಲಿ ಎದುರಿಸಿದ ಮೊದಲ ಎಸೆತವನ್ನೇ ಅವರು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್) ಹೊಡೆದರು.

ಚಳಿಗಾಲದ ಕಾಂಟ್ರಾಕ್ಟ್‌ನ ನಿಜವಾದ ಬೆಲೆ ತಿಳಿದದ್ದು ಮಾರ್ಚ್ ಕೊನೆಯಲ್ಲಿ. ಮೇಜರ್ ಲೀಗ್ ತಂಡಗಳ ವಸಂತ ಶಿಬಿರ ಮುಗಿಯುವ ಹೊತ್ತಿಗೆ ನೂರಾರು ಮೈನರ್ ಲೀಗ್ ಆಟಗಾರರನ್ನು ಕೈಬಿಡುತ್ತಾರೆ. ಸೀಸನ್‌ನಲ್ಲಿ ಒಂದು ಸಂಸ್ಥೆ ಅಮೆರಿಕದೊಳಗೆ ಇಟ್ಟುಕೊಳ್ಳಬಹುದಾದ ಆಟಗಾರರ ಮಿತಿಯನ್ನು 2024ರಲ್ಲಿ 180ರಿಂದ 165ಕ್ಕೆ ಇಳಿಸಿದ ಮೇಲಂತೂ ಈ ಪ್ರವಾಹ ಇನ್ನೂ ಜೋರಾಗಿದೆ. ಡಬಲ್-ಎ (ಮೈನರ್ ಲೀಗ್‌ನ ಮೇಲಿನಿಂದ ಎರಡನೇ ಹಂತ) ಆಡಿ ಬಂದ ಪಿಚರ್ ಏಪ್ರಿಲ್‌ನಲ್ಲಿ ಫೋನ್ ಮಾಡಿದರೆ ಯಾವ ಮ್ಯಾನೇಜರ್ ಬೇಡ ಅನ್ನುತ್ತಾನೆ? ಫೆಬ್ರವರಿಯಲ್ಲೇ ಸಹಿ ಹಾಕಿದವನಿಗೆ ಆ ಗುಂಪಿಗಿಂತ ಮುಂಚೆ ಶಿಬಿರದಲ್ಲಿ ಜಾಗ ಸಿಕ್ಕಿರುತ್ತದೆ. ಜೊತೆಗೆ, ಹಾಗೆ ಬಂದ ಅನುಭವಿಗಳು ಹೊಸಬರ ಮೀಸಲು ಜಾಗಕ್ಕೆ ಲೆಕ್ಕವಾಗುವುದಿಲ್ಲ. ಮೇ ತಿಂಗಳ ಶಿಬಿರದಲ್ಲಿ ನನಗಿಂತ ವೇಗದವರು ಹಲವರು ಮನೆಗೆ ಹೋದರು. ನಾನು ಉಳಿದದ್ದರಲ್ಲಿ ಆ ನಿಯಮದ ಪಾಲು ದೊಡ್ಡದು.

ಒಂದು ಸೀಸನ್ ವೃತ್ತಿಪರವಾಗಿ ಆಡಿದವರಿಗೆ ಮುಂದಿನ ಚಳಿಗಾಲದಲ್ಲಿ ಬೇರೆ ಬಾಗಿಲುಗಳಿವೆ, ಅಲ್ಲಿ ಸಂಬಳವೂ ಉಂಟು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ, ಮೆಕ್ಸಿಕೊ, ಪೋರ್ಟೊ ರಿಕೊಗಳಲ್ಲಿ ಅಕ್ಟೋಬರ್‌ನಿಂದ ಜನವರಿವರೆಗೆ ತುಂಬಿದ ಮೈದಾನಗಳಲ್ಲಿ ಪಂದ್ಯ ನಡೆಯುತ್ತದೆ. ಅಲ್ಲಿ ಹೊರಗಿನವನು ಎರಡು ಕೆಟ್ಟ ಪಂದ್ಯ ಆಡಿದರೆ ವಿಮಾನದ ಟಿಕೆಟ್ ಸಿದ್ಧವಾಗಿರುತ್ತದೆ. ಆದರೆ ಮೇಜರ್ ಲೀಗ್ ಸ್ಕೌಟ್‌ಗಳ (ಹೊಸ ಆಟಗಾರರನ್ನು ಹುಡುಕುವವರ) ಕಣ್ಣು ಅಲ್ಲಿ ಸದಾ ಇರುತ್ತದೆ. ಆಸ್ಟ್ರೇಲಿಯಾದ ಲೀಗ್ ಅದಕ್ಕಿಂತ ಶಾಂತ, ನನ್ನ ಮಟ್ಟದವರಿಗೆ ಹೆಚ್ಚು ಹತ್ತಿರ. ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ 2008ರಲ್ಲಿ ಸಹಿ ಹಾಕಿದ ನಮ್ಮ ಭಾರತದ ಪಿಚರ್ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ) ಕೂಡ ಅಲ್ಲಿ ಎಸೆದಿದ್ದಾರೆ. ಅಲ್ಲಿಯ ತಂಡಗಳಿಗೆ ಬರೆಯುವುದಾದರೆ ನಮ್ಮ ಬೇಸಿಗೆಯ ಮಧ್ಯದಲ್ಲೇ ಬರೆಯಬೇಕು. ಸೀಸನ್ ಮುಗಿದ ಮೇಲೆ ಬರೆದರೆ ಹೊರಗಿನವರ ಜಾಗ ತುಂಬಿರುತ್ತದೆ. ನಾನು ಕಳಿಸುವ ಪತ್ರ ಚಿಕ್ಕದು: ನನ್ನ ಅನುಭವದ ದರ್ಜೆ, ಪಾಸ್‌ಪೋರ್ಟ್, ಎಡಗೈಯವರ ಎದುರಿನ ಅಂಕಿಗಳು, ಕತ್ತರಿಸದ ಒಂದು ಪೂರ್ತಿ ಇನಿಂಗ್ಸ್‌ನ ವಿಡಿಯೊ. ಈ ಸಲ ಒಂದು ತಂಡ ಉತ್ತರ ಬರೆದು, ಸತತ ಎರಡು ದಿನ ಎಸೆದ ಪಂದ್ಯಗಳ ವಿಡಿಯೊ ಬೇಕು ಅಂದಿದೆ. ಕಳಿಸಿದ್ದೇನೆ.