ನೋಂದಣಿಯಿಲ್ಲದ ಹೆಸರನ್ನು ಕೋರ್ಟಿನಲ್ಲಿ ಉಳಿಸಿಕೊಂಡ ನನ್ನ ಅನುಭವ

ಮೈಸೂರಿನಲ್ಲಿ 2003ರಿಂದ ಒಂದೇ ಹೆಸರಿನಲ್ಲಿ, ಒಂದೇ ಹಸಿರು ಪೊಟ್ಟಣದಲ್ಲಿ ಊದುಬತ್ತಿ ಮಾರುತ್ತಿದ್ದರೂ ಹೆಸರಿನ ಟ್ರೇಡ್‌ಮಾರ್ಕ್ ನೋಂದಣಿಯನ್ನು ನಾನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಲೇ ಬಂದಿದ್ದೆ. 2022ರಲ್ಲಿ ಪಕ್ಕದ ಜಿಲ್ಲೆಯ ತಯಾರಕರೊಬ್ಬರು ಹೆಸರಿನ ಕೊನೆಯ ಅಕ್ಷರವನ್ನಷ್ಟೇ ದೀರ್ಘ ಮಾಡಿ, ಅದೇ ಹಸಿರಿನಲ್ಲಿ ಬತ್ತಿ ಬಿಟ್ಟಾಗ, ಸರ್ಟಿಫಿಕೇಟ್ ಇಲ್ಲದವನು ಕೋರ್ಟಿಗೆ ಹೋದರೆ ಕೈ ಸುಟ್ಟುಕೊಳ್ಳುತ್ತಾನೆ ಎಂದು ಸಹ ತಯಾರಕರೆಲ್ಲ ಎಚ್ಚರಿಸಿದರು. ಈಗ ಅವರಲ್ಲೇ ಮೂವರು ನನ್ನ ಫೈಲಿನ ನಕಲು ಕೇಳಿದ್ದಾರೆ.

ಮೊದಲ ತಪ್ಪು ನಾನು ಕಳುಹಿಸಿದ ಲೀಗಲ್ ನೋಟಿಸ್. ಅದು ತಲುಪಿದ ವಾರದಲ್ಲೇ ಎದುರಾಳಿ ಕೇವಿಯಟ್ (ತನ್ನನ್ನು ಕೇಳದೆ ಆದೇಶ ಕೊಡಬಾರದೆಂಬ ಮುಂಗಡ ಅರ್ಜಿ) ಹಾಕಿದ್ದರಿಂದ, ಅದರ 90 ದಿನ ಮುಗಿಯುವವರೆಗೆ ಏಕಪಕ್ಷೀಯ ತಡೆಯಾಜ್ಞೆಯ ಆಸೆ ಬಿಡಬೇಕಾಯಿತು. ಪೊಲೀಸರಲ್ಲಿಗೆ ಹೋದರೆ, ಜಪ್ತಿಗೆ ಮುನ್ನ ಟ್ರೇಡ್‌ಮಾರ್ಕ್ ಕಾಯ್ದೆಯ 115ನೇ ಕಲಮಿನಂತೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಬೇಕೆಂಬ ಉತ್ತರ ಸಿಕ್ಕಿತು. ಓಡಾಟಕ್ಕೆ ಹದಿನೈದು ಸಾವಿರದಷ್ಟು ಹೋಯಿತು. ಆ ನಡುವೆ ಹಾಲೊಗ್ರಾಮ್ ಚೀಟಿ ಅಂಟಿಸಿ ನೋಡಿದೆ, ಗಿರಾಕಿಗಳು ಅದರತ್ತ ಕಣ್ಣೆತ್ತಲಿಲ್ಲ. ಪೊಟ್ಟಣದ ಬಣ್ಣವನ್ನೇ ಬದಲಿಸಿದಾಗ ಅಂಗಡಿಯವರು ನಮ್ಮದನ್ನೇ ನಕಲಿಯೆಂದು ತಿಳಿದು ನಾಲ್ಕು ಪೆಟ್ಟಿಗೆ ಮಾಲು ವಾಪಸು ಕಳುಹಿಸಿದರು.

ಕೊನೆಗೆ ಪಾಸಿಂಗ್ ಆಫ್ ದಾವೆಯನ್ನೇ, ಅಂದರೆ ತನ್ನ ಮಾಲನ್ನು ನನ್ನದೆಂದು ಬಿಂಬಿಸಿ ಮಾರುವವನ ವಿರುದ್ಧ ನೋಂದಣಿಯಿಲ್ಲದೆಯೂ ಹೂಡಬಹುದಾದ ದಾವೆಯನ್ನೇ, ಹಿಡಿದೆ. ನೋಂದಣಿಯ ಹಕ್ಕಿಗಿಂತ ಮೊದಲ ಬಳಕೆದಾರನ ಹಕ್ಕು ಮೇಲೆಂದು ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದು ನನ್ನ ಬಲವಾಗಿತ್ತು. ಆದರೆ ಮೊದಲ ಬಳಕೆದಾರ ನಾನೇ ಎಂದು ತೋರಿಸಲು ನಮ್ಮದೇ ಮಾರಾಟದ ಬಿಲ್ಲು ಸಾಲದು, ಅದನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಬರೆಯಬಹುದು. ಆದ್ದರಿಂದ ಮಾರಾಟ ತೆರಿಗೆ, ವ್ಯಾಟ್, ಜಿಎಸ್‌ಟಿ ರಿಟರ್ನ್‌ಗಳು, ಪೊಟ್ಟಣ ಮುದ್ರಿಸಿದ ಪ್ರೆಸ್ಸಿನ ಬಿಲ್ಲುಗಳು ಮತ್ತು ದಸರಾ ವಸ್ತುಪ್ರದರ್ಶನದ ಮಳಿಗೆ ರಸೀದಿಗಳನ್ನು ವರ್ಷವಾರು ಜೋಡಿಸಿದೆ. ನೋಂದಾಯಿತ ಹೆಸರಿನವರಿಗೆ ಅದೇ ಕಾಯ್ದೆಯ 134ನೇ ಕಲಮು ಕೊಡುವ ಅನುಕೂಲ, ಅಂದರೆ ತಮ್ಮ ವ್ಯಾಪಾರದ ಊರಿನಲ್ಲೇ ದಾವೆ ಹೂಡುವ ಅವಕಾಶ, ಪಾಸಿಂಗ್ ಆಫ್‌ಗೆ ಇಲ್ಲದ ಕಾರಣ ಎದುರಾಳಿಯ ಮಾಲು ಮೈಸೂರಿನಲ್ಲೇ ಮಾರಾಟವಾಗಿದೆಯೆಂದು ತೋರಿಸುವ ಬಿಲ್ಲು ಅಗತ್ಯವಾಗಿತ್ತು. ಅದನ್ನು ಯಾರ ಕೈಯಲ್ಲಿ, ಹೇಗೆ ತರಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ತುರ್ತು ಪರಿಹಾರ ಕೇಳಿದ್ದರಿಂದ ದಾವೆಗೆ ಮುಂಚಿನ ಮಧ್ಯಸ್ಥಿಕೆಯ ಹಂತ ತಪ್ಪಿತಾದರೂ, ಇಷ್ಟು ತಿಂಗಳು ಸುಮ್ಮನಿದ್ದವರಿಗೆ ಈಗೇನು ತುರ್ತು ಎಂದು ನ್ಯಾಯಾಧೀಶರು ಕೇಳಿಯೇ ಕೇಳಿದರು. ಅದೇ ವಾರದ ಖರೀದಿ ಬಿಲ್ಲನ್ನೂ ಎರಡು ಪೊಟ್ಟಣಗಳನ್ನೂ ಮುಂದಿಟ್ಟೆವು. ನಮ್ಮ ಹಳೆಯ ಮುದ್ರಣವೊಂದರಲ್ಲಿ ‘ಸುಗಂಧ’ ಎಂಬುದು ‘ಸುಗಂದ’ ಎಂದು ಅಚ್ಚಾಗಿತ್ತು. ಎದುರಾಳಿಯ ಪೊಟ್ಟಣದಲ್ಲೂ ಅದೇ ಜಾಗದಲ್ಲಿ ಅದೇ ತಪ್ಪಿತ್ತು. ನ್ಯಾಯಾಧೀಶರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಆ ಸಂಜೆಯೇ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟು, ಸ್ಥಳಕ್ಕೆ ಹೋಗಿ ಮಾಲು ಪರಿಶೀಲಿಸಲು ಕೋರ್ಟ್ ಕಮಿಷನರರನ್ನು ನೇಮಿಸಿದರು. ಆದೇಶ ಕೈಗೆ ಬಂದ ದಿನವೇ ಪ್ರತಿವಾದಿಗೆ ಕಾಗದಪತ್ರ ರವಾನಿಸಿ ಮರುದಿನ ಅಫಿಡವಿಟ್ ಸಲ್ಲಿಸಿದೆವು. ಇದರಲ್ಲಿ ಉದಾಸೀನ ಮಾಡಿದರೆ ಬಂದ ತಡೆಯಾಜ್ಞೆ ಅಷ್ಟೇ ಬೇಗ ಹೋಗುತ್ತದೆ.

ಎದುರಾಳಿಯ ಜಾಗದಲ್ಲಿ ಕಮಿಷನರರು ಮಾಡಿದ ಮಹಜರಿನಲ್ಲಿ ಸುಮಾರು ಒಂಬತ್ತು ಸಾವಿರ ಖಾಲಿ ಪೊಟ್ಟಣಗಳಿಗೆ ಮೊಹರು ಬಿತ್ತು. ಆದರೆ ನನಗೆ ಉಪಯೋಗಕ್ಕೆ ಬಂದದ್ದು ಅಲ್ಲಿ ಸಿಕ್ಕ ರವಾನೆ ಪುಸ್ತಕ. ತಡೆಯಾಜ್ಞೆ ತೆರವುಗೊಳಿಸಲು ಎದುರಾಳಿಯ ವಕೀಲರು, ಬೇರೆ ಬೇರೆ ವ್ಯಾಪಾರದವರು ಒಂದೇ ಬಗೆಯ ಹೆಸರು ಬಳಸಬಹುದೆಂದ ಸುಪ್ರೀಂ ಕೋರ್ಟಿನ 2018ರ ‘ನಂದಿನಿ ಡೀಲಕ್ಸ್’ ತೀರ್ಪನ್ನು ಹಿಡಿದು ವಾದಿಸಿದರು. ಅಲ್ಲಿ ಒಬ್ಬರದು ಹಾಲು, ಮತ್ತೊಬ್ಬರದು ಹೋಟೆಲು, ಇಲ್ಲಿ ಇಬ್ಬರದೂ ಊದುಬತ್ತಿಯೇ ಎಂಬ ನಮ್ಮ ಉತ್ತರ ನಿಂತಿತು. ನಷ್ಟ ಪರಿಹಾರ ಅಥವಾ ಎದುರಾಳಿ ಗಳಿಸಿದ ಲಾಭದ ಲೆಕ್ಕ, ಎರಡರಲ್ಲಿ ಒಂದನ್ನಷ್ಟೇ ಕೇಳಬೇಕಾದ್ದರಿಂದ, ಪುಸ್ತಕ ಸಿಕ್ಕಿದ್ದ ಧೈರ್ಯದಲ್ಲಿ ಲಾಭದ ಲೆಕ್ಕವನ್ನೇ ಆರಿಸಿಕೊಂಡೆ. ಅದರ ಪ್ರಕಾರ ಮಾರಾಟ ಒಂಬತ್ತು ಲಕ್ಷದ ಆಸುಪಾಸಿನಲ್ಲಿತ್ತು. ಪುಟಗಳನ್ನು ಕೋರ್ಟಿನಲ್ಲಿ ಗುರುತು ಮಾಡತೊಡಗಿದ ಮೇಲೆ ಅವರೇ ರಾಜಿಗೆ ಬಂದರು.

ವಕೀಲರ ಶುಲ್ಕ, ಕಮಿಷನರರ ಶುಲ್ಕ, ಓಡಾಟ ಎಲ್ಲ ಸೇರಿ ನನಗೆ ಎರಡೂಮುಕ್ಕಾಲು ಲಕ್ಷದಷ್ಟು ಖರ್ಚಾಗಿ, ಮೂರೂವರೆ ಲಕ್ಷ ಮೂರು ಕಂತಿನಲ್ಲಿ ಬಂತು. ಛಾಪಾ ಕಾಗದದ ಮುಚ್ಚಳಿಕೆ ನಂಬಿ ಮತ್ತೆ ಮೋಸಹೋದ ಸ್ನೇಹಿತರೊಬ್ಬರನ್ನು ಕಂಡಿದ್ದ ನಾನು, ರಾಜಿ ಡಿಕ್ರಿಯೇ, ಅಂದರೆ ರಾಜಿಯ ಷರತ್ತುಗಳು ಕೋರ್ಟಿನ ಆದೇಶವೇ, ಆಗಬೇಕೆಂದು ಹಟ ಹಿಡಿದೆ. ಈಗ ಊದುಬತ್ತಿ ಬರುವ ಟ್ರೇಡ್‌ಮಾರ್ಕ್ ನೋಂದಣಿಯ ಮೂರನೇ ವರ್ಗದಲ್ಲಿ, ಸಣ್ಣ ಉದ್ಯಮದ 4,500 ರೂಪಾಯಿ ಶುಲ್ಕ ಕಟ್ಟಿ, ಕೋರ್ಟಿಗೆ ಕೊಟ್ಟ ಅದೇ ಕಾಗದಗಳನ್ನು ಬಳಕೆಯ ಅಫಿಡವಿಟ್ಟಿಗೆ ಲಗತ್ತಿಸಿ ನೋಂದಣಿಗೆ ಅರ್ಜಿ ಹಾಕಿದ್ದೇನೆ.