ಬಿಳಿಯ ಛಾಯೆ ಬದಲಿಸುವ ಎಲ್‌ಇಡಿ ಡಿಮ್ಮರ್: ಕಡಿಮೆ ಖರ್ಚಿನ ವಿನ್ಯಾಸ ಹೇಗೆ?

ಬಿಳಿಯ ಛಾಯೆಯನ್ನು ಬೇಕಾದಂತೆ ಬದಲಿಸಬಹುದಾದ ಎಲ್‌ಇಡಿ ಪಟ್ಟಿಗಳಲ್ಲಿ ಎರಡು ಬಗೆಯ ಎಲ್‌ಇಡಿಗಳು ಒಂದರ ಪಕ್ಕ ಒಂದಿರುತ್ತವೆ. ಸಾಮಾನ್ಯವಾಗಿ ಒಂದರ ವರ್ಣತಾಪ 2700 ಕೆಲ್ವಿನ್ ಆಸುಪಾಸಿನದು, ಅಂದರೆ ಹಳದಿ ಬೆರೆತ ಬಿಳಿ. ಇನ್ನೊಂದರದು 6500 ಕೆಲ್ವಿನ್ ಆಸುಪಾಸಿನದು, ನೀಲಿ ಛಾಯೆಯ ಬಿಳಿ. ಇವೆರಡಕ್ಕೂ ಒಂದೊಂದು ತಿರುಗಿಸುವ ಗುಂಡಿ ಕೊಟ್ಟುಬಿಡುವುದು ಅತ್ಯಂತ ಸುಲಭದ ವಿನ್ಯಾಸವಾದರೂ ಬಳಸುವವರಿಗೆ ಅದು ಕಿರಿಕಿರಿಯೇ, ಏಕೆಂದರೆ ಛಾಯೆ ಬದಲಿಸಲು ಹೋದಾಗಲೆಲ್ಲ ಪ್ರಖರತೆಯೂ ಬದಲಾಗುತ್ತದೆ. ಒಂದು ಗುಂಡಿ ಪ್ರಖರತೆಗೆ, ಇನ್ನೊಂದು ಛಾಯೆಗೆ ಮೀಸಲಾಗಿರಬೇಕು. ಇದಕ್ಕೆ ಹೆಚ್ಚುವರಿ ಬಿಡಿಭಾಗಗಳೇನೂ ಬೇಕಿಲ್ಲ. ಕೆಲಸವೆಲ್ಲ ಮೈಕ್ರೊಕಂಟ್ರೋಲರ್‌ನ, ಅಂದರೆ ದೀಪವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಚಿಪ್‌ನ, ಪ್ರೋಗ್ರಾಮಿನಲ್ಲೇ ಮುಗಿಯುತ್ತದೆ.

ಮೊದಲು ವಿದ್ಯುನ್ಮಂಡಲ. 12 ವೋಲ್ಟ್ ಪಟ್ಟಿಯಲ್ಲಿ ಧನ ತಂತಿ ಎರಡೂ ಬಗೆಗೆ ಒಂದೇ, ಋಣ ತಂತಿಗಳು ಬೇರೆ ಬೇರೆ. ಪ್ರತಿ ಋಣ ತಂತಿಗೂ ಗ್ರೌಂಡಿಗೂ ನಡುವೆ ಒಂದು ಎನ್-ಚಾನೆಲ್ ಮಾಸ್ಫೆಟ್ (ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ತೆರೆದು ಮುಚ್ಚುವ ಟ್ರಾನ್ಸಿಸ್ಟರ್) ಇಟ್ಟರೆ ಸ್ವಿಚ್ ಸಿದ್ಧ. ಇಲ್ಲಿ ಮಾಸ್ಫೆಟ್‌ನ ಆಯ್ಕೆ ಮುಖ್ಯ. ಐಆರ್‌ಎಫ್540ನಂಥವು ಪೂರ್ತಿ ತೆರೆದುಕೊಳ್ಳಲು ಗೇಟಿಗೆ 10 ವೋಲ್ಟ್ ಬೇಡುತ್ತವೆ. ಮೈಕ್ರೊಕಂಟ್ರೋಲರ್‌ನ 5 ವೋಲ್ಟಿಗೆ ಅವು ಅರೆಬರೆ ತೆರೆದು ಬಿಸಿಯಾಗುತ್ತವೆ. ಐಆರ್‌ಎಲ್‌ಝಡ್44ಎನ್‌ನಂಥ ಲಾಜಿಕ್-ಲೆವೆಲ್, ಅಂದರೆ ಕಡಿಮೆ ವೋಲ್ಟಿಗೇ ಚೆನ್ನಾಗಿ ತೆರೆಯುವ, ಮಾಸ್ಫೆಟ್‌ನಲ್ಲಿ 5 ವೋಲ್ಟಿಗೆ ರೋಧ ಹೆಚ್ಚೆಂದರೆ 0.025 ಓಮ್ ಇರುವುದರಿಂದ, 2 ಆಂಪಿಯರ್ ಹರಿದಾಗ ನಷ್ಟವಾಗುವುದು 0.1 ವಾಟ್ ಮಾತ್ರ. ಹೀಟ್ ಸಿಂಕ್‌ನ ಖರ್ಚೇ ಇಲ್ಲ. ಗೇಟಿಗೆ ಸರಣಿಯಲ್ಲಿ 100 ಓಮ್, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಬೇಕು. ಎರಡನೆಯದನ್ನು ಬಿಟ್ಟರೆ, ಮೈಕ್ರೊಕಂಟ್ರೋಲರ್ ಎಚ್ಚರಗೊಳ್ಳುವ ಮುನ್ನ ದೀಪ ತಾನಾಗಿ ಮಿಂಚಬಹುದು.

ಮುಂದಿನದು ಪಿಡಬ್ಲ್ಯೂಎಂ, ಅಂದರೆ ದೀಪವನ್ನು ಕ್ಷಿಪ್ರವಾಗಿ ಆರಿಸಿ ಬೆಳಗಿಸಿ ಸರಾಸರಿ ಬೆಳಕನ್ನು ಇಳಿಸುವ ವಿಧಾನ. ಮೈಕ್ರೊಕಂಟ್ರೋಲರ್ ಇರುವ ಆರ್ಡುಯಿನೊ ಊನೊ ಬೋರ್ಡು ಹೆಚ್ಚಿನ ಪಿನ್‌ಗಳಲ್ಲಿ ತಾನಾಗಿ ಕೊಡುವ ಆವರ್ತನ ಸುಮಾರು 490 ಹರ್ಟ್ಸ್. ಎಂಜಿನಿಯರ್‌ಗಳ ಸಂಸ್ಥೆಯಾದ ಐಇಇಇ ಎಲ್‌ಇಡಿ ಬೆಳಕಿನ ಮಿನುಗಿನ ಬಗ್ಗೆ 2015ರಲ್ಲಿ ಕೊಟ್ಟ 1789 ಸಂಖ್ಯೆಯ ಶಿಫಾರಸಿನ ಪ್ರಕಾರ ಪೂರ್ತಿ ಆರಿ ಹೊತ್ತುವ ಬೆಳಕು ಕಡಿಮೆ ಅಪಾಯದ ವಲಯದಲ್ಲಿರಬೇಕಾದರೆ ಆವರ್ತನ 1250 ಹರ್ಟ್ಸ್ ದಾಟಬೇಕು. 3000 ದಾಟಿದರೆ ಇನ್ನೂ ನಿಶ್ಚಿಂತೆ. ಆದ್ದರಿಂದ ಆ ಬೋರ್ಡಿನಲ್ಲಿ ಎಣಿಕೆ ಮಾಡುವ ಟೈಮರ್ 1ನ್ನು ಫೇಸ್-ಕರೆಕ್ಟ್ ವಿಧಾನಕ್ಕೆ, ಅಂದರೆ ಏರಿ ಇಳಿಯುವ ಎಣಿಕೆಗೆ, ಹೊಂದಿಸಿ, ಎಣಿಕೆಯ ಗರಿಷ್ಠ ಮಿತಿಯನ್ನು 2500 ಎಂದು ಇಡಿ. ಎಣಿಕೆ ಸೊನ್ನೆಯಿಂದ 2500ಕ್ಕೆ ಏರಿ ಮತ್ತೆ ಇಳಿಯುವುದರಿಂದ, 16 ಮೆಗಾಹರ್ಟ್ಸ್ ಗಡಿಯಾರಕ್ಕೆ 3200 ಹರ್ಟ್ಸ್ ದೊರೆಯುತ್ತದೆ. ಹಂತಗಳೂ 256ರ ಬದಲು 2500 ಆಗುತ್ತವೆ. ಬೆಳಕು ತೀರ ಮಂದವಾದಾಗ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವ ದೋಷ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ಖರ್ಚು ಉಳಿಸುವ ನಿಜವಾದ ಉಪಾಯವಿರುವುದು ಇಲ್ಲೇ. 9ನೇ ಪಿನ್ನನ್ನು ಸಾಮಾನ್ಯ ರೀತಿಯಲ್ಲಿಯೂ 10ನೇ ಪಿನ್ನನ್ನು ತಿರುವುಮುರುವಾಗಿಯೂ ಹೊಂದಿಸಿದರೆ, ಮೊದಲನೆಯದು ಎಣಿಕೆ ಸೊನ್ನೆಯ ಸುತ್ತ ಇರುವಾಗ ಬೆಳಗುತ್ತದೆ, ಎರಡನೆಯದು ಗರಿಷ್ಠದ ಸುತ್ತ ಇರುವಾಗ. ಎರಡರ ಬೆಳಗುವ ಅವಧಿಗಳ ಮೊತ್ತ ನೂರು ಶೇಕಡ ಮೀರದಂತೆ ನೋಡಿಕೊಂಡರೆ ಅವು ಒಟ್ಟಿಗೆ ಹೊತ್ತುವುದೇ ಇಲ್ಲ. ಪ್ರತಿ ಬಗೆಯೂ 24 ವಾಟ್ ಎಳೆಯುವ ಪಟ್ಟಿಗೆ 48 ವಾಟ್‌ನ ಪವರ್ ಸಪ್ಲೈ ಬೇಕಾಗಿರುವಲ್ಲಿ, ತುಸು ಮಿಗುಬಲವುಳ್ಳ 30 ವಾಟ್‌ನದೇ ಸಾಕಾಗುತ್ತದೆ. ಇಡೀ ಸಾಧನದಲ್ಲಿ ದುಬಾರಿ ಭಾಗ ಸಾಮಾನ್ಯವಾಗಿ ಅದೇ.

ಇನ್ನು ಲೆಕ್ಕ. ಬೆಳಕು ದುಪ್ಪಟ್ಟಾದರೆ ಕಣ್ಣಿಗೆ ದುಪ್ಪಟ್ಟೆನಿಸುವುದಿಲ್ಲವಾದ್ದರಿಂದ, ಪ್ರಖರತೆಯ ಗುಂಡಿಯ ಸ್ಥಾನವನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಾಗಿ ತೆಗೆದುಕೊಂಡು 2.2ರ ಘಾತಕ್ಕೆ ಏರಿಸಬೇಕು. ಹೀಗೆ ಬಂದ ಒಟ್ಟು ಬೆಳಕನ್ನು ಛಾಯೆಯ ಗುಂಡಿ ಹೇಳಿದ ಪ್ರಮಾಣದಲ್ಲಿ ಎರಡು ಬಗೆಗಳಿಗೂ ಹಂಚಬೇಕು. ಈ ಕ್ರಮ ಅದಲುಬದಲಾಗಕೂಡದು. ಮೊದಲು ಹಂಚಿ ಆಮೇಲೆ ಘಾತಕ್ಕೆ ಏರಿಸಿದರೆ, ನಡು ಛಾಯೆಯಲ್ಲಿ ತಲಾ ಅರ್ಧವೆಂಬುದು 0.22 ಆಗಿ, ಪೂರ್ತಿ ತಿರುಗಿಸಿದ ದೀಪವೂ ಶೇ 44ರಷ್ಟೇ ಬೆಳಗುತ್ತದೆ.

ಛಾಯೆಯ ಗುಂಡಿಗೆ ಇಂಥ ತಿದ್ದುಪಡಿ ಬೇಡವೆಂಬುದು ಸಮಾಧಾನದ ವಿಷಯ. ಛಾಯೆಯ ವ್ಯತ್ಯಾಸವನ್ನು ಕಣ್ಣು ಗುರುತಿಸುವುದು ಕೆಲ್ವಿನ್‌ಗಿಂತ ಹೆಚ್ಚಾಗಿ ಮೈರೆಡ್ ಮಾನಕ್ಕೆ, ಅಂದರೆ ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದ ಸಂಖ್ಯೆಗೆ, ಹತ್ತಿರವಾಗಿರುತ್ತದೆ. ಎರಡು ಬಿಳಿಗಳ ನೇರ ಬೆರಕೆಯೂ ಹೆಚ್ಚುಕಡಿಮೆ ಅದೇ ಮಾನದಲ್ಲಿ ಸಮವಾಗಿ ಸಾಗುತ್ತದೆ. ಆದ್ದರಿಂದಲೇ ಸಮಪಾಲು ಬೆರೆಸಿದಾಗ ಬರುವುದು ಸರಾಸರಿಯಾದ 4600 ಕೆಲ್ವಿನ್ ಅಲ್ಲ, ಸುಮಾರು 4000. ನಡು ಛಾಯೆಗಳಲ್ಲಿ ನಸುಗೆಂಪು ಕಾಣಿಸಿದರೆ ಅದು ಮಂಡಲದ ತಪ್ಪಲ್ಲ: ಬಿಸಿ ಕಾಯಗಳು ಸೂಸುವ ಬಿಳಿಗಳು ಬಣ್ಣದ ನಕ್ಷೆಯಲ್ಲಿ ಬಾಗಿದ ರೇಖೆಯ ಮೇಲಿರುತ್ತವೆ, ಎರಡು ಎಲ್‌ಇಡಿಗಳ ಬೆರಕೆ ಅದರ ಕೆಳಗೆ ನೇರ ಗೆರೆಯಲ್ಲಿ ಹಾಯುತ್ತದೆ. ಮೂರನೆಯ ಬಣ್ಣವಿಲ್ಲದೆ ಇದನ್ನು ಸರಿಪಡಿಸಲಾಗದು, ಅಷ್ಟು ಖರ್ಚಿಗೆ ಇದು ತಕ್ಕುದೂ ಅಲ್ಲ.

ನೀಲಿ ಛಾಯೆಯ ಎಲ್‌ಇಡಿಗಳು ಅದೇ ವಿದ್ಯುತ್ತಿಗೆ ಸಾಮಾನ್ಯವಾಗಿ ತುಸು ಹೆಚ್ಚು ಬೆಳಗುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಬೆಳಗಿಸಿ, ಒಂದೇ ದೂರದಿಂದ ಲಕ್ಸ್ ಮೀಟರಿನಲ್ಲಿ ಅಳೆದು, ಹೆಚ್ಚು ಬೆಳಗುವುದರ ಪಾಲನ್ನು ಆ ಅನುಪಾತದಲ್ಲಿ ತಗ್ಗಿಸಿ. ಗುಂಡಿಗಳಿಂದ ಓದಿದ ಸಂಖ್ಯೆ ಅಲುಗಾಡುತ್ತಿರುವುದರಿಂದ ಹಲವು ಓದುಗಳ ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು.

ಮನೆಯ ವಿದ್ಯುತ್ ಮಾರ್ಗದ ಕಡೆಗೆ ಕೈ ಹಾಕದೆ, ಆ ಮಾರ್ಗದಿಂದ ಪ್ರತ್ಯೇಕಿಸಿದ ಸಿದ್ಧ ಪವರ್ ಸಪ್ಲೈಯನ್ನೇ ಬಳಸಿ, ಅದರ 12 ವೋಲ್ಟ್ ತುದಿಗೆ ಫ್ಯೂಸ್ ಹಾಕಿ. ಈ ವಿನ್ಯಾಸ ಒಳಗೇ ರೆಸಿಸ್ಟರ್ ಇರುವ ಸ್ಥಿರ ವೋಲ್ಟೇಜಿನ ಪಟ್ಟಿಗಳಿಗೆ ಮಾತ್ರ ಹೊಂದುತ್ತದೆ. ಸ್ಥಿರ ವಿದ್ಯುತ್ ಪ್ರವಾಹ ಬೇಡುವ ದೀಪಗಳಿಗೆ ಮಾಸ್ಫೆಟ್‌ಗಳ ಜಾಗದಲ್ಲಿ ಪಿಡಬ್ಲ್ಯೂಎಂ ಸಂಕೇತ ಸ್ವೀಕರಿಸುವ ಎರಡು ಡ್ರೈವರ್‌ಗಳನ್ನು ಜೋಡಿಸಬೇಕು.