ಧಾರವಾಡ ಪೀಠದಲ್ಲಿ ತುರ್ತು ತಡೆಯಾಜ್ಞೆ ಕೇಳುವ ಕ್ರಮ

ಹಾವೇರಿಯ ಅಂಗಡಿಕಾರರೊಬ್ಬರಿಗೆ ಮಂಗಳವಾರ ಸಂಜೆ ನಗರಸಭೆಯ ನೋಟಿಸ್ ಬಂದು, ಶುಕ್ರವಾರ ಕಟ್ಟಡ ತೆರವು ಮಾಡುವುದಾಗಿ ಅದರಲ್ಲಿ ಬರೆದಿದೆ ಎಂದು ಇಟ್ಟುಕೊಳ್ಳೋಣ. ಅವರು ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿಯನ್ನೂ (ಸರ್ಕಾರಿ ಸಂಸ್ಥೆಯ ಕ್ರಮವನ್ನು ಹೈಕೋರ್ಟಿನಲ್ಲೇ ಪ್ರಶ್ನಿಸುವ ಅರ್ಜಿ), ಅದು ತೀರ್ಮಾನವಾಗುವವರೆಗೆ ತಡೆಯಾಜ್ಞೆ ಕೋರುವ ಮಧ್ಯಂತರ ಅರ್ಜಿಯನ್ನೂ ಸಲ್ಲಿಸಬೇಕಾಗುತ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹಾವೇರಿ, ಗದಗ ಜಿಲ್ಲೆಗಳೂ ಸೇರಿರುವುದರಿಂದ ಇದಕ್ಕಾಗಿ ಬೆಂಗಳೂರಿನ ರಾತ್ರಿ ಬಸ್ಸು ಹಿಡಿಯಬೇಕಿಲ್ಲ.

ತುರ್ತು ವಿಚಾರಣೆಯಲ್ಲಿ ವಾದಕ್ಕೆ ಸಿಗುವುದು ಕೆಲವೇ ನಿಮಿಷ; ಹೀಗಾಗಿ ಹೆಚ್ಚಿನ ಮಾತನ್ನು ಕಾಗದಗಳೇ ಆಡಬೇಕು. ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆಯೇ, ಆದೇಶ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ಮುಂದೆ ತುಂಬಿಕೊಡಲಾಗದಂಥದ್ದೇ ಎಂಬ ಮೂರನ್ನು ನ್ಯಾಯಾಲಯ ನೋಡುತ್ತದೆ. ಆದ್ದರಿಂದ ನೋಟಿಸ್ ಬಂದ ಲಕೋಟೆಯನ್ನು ಹರಿದು ಬಿಸಾಡಬಾರದು. ನೋಟಿಸಿನ ಮೇಲೆ ಹದಿನೈದು ದಿನ ಹಿಂದಿನ ತಾರೀಖಿದ್ದು, ಅದು ಕೈಸೇರಿದ್ದು ಮೊನ್ನೆ ಎಂಬುದನ್ನು ಅಂಚೆಯ ಮುದ್ರೆಯೊಂದೇ ತೋರಿಸಬಲ್ಲದು. ಕಟ್ಟಡ ಪರವಾನಗಿ, ತೆರಿಗೆ ರಸೀದಿ, ಈಗಿನ ಫೋಟೊಗಳು ಜೊತೆಗಿರಲಿ. ಮೇಲ್ಮನವಿಗೆ ಬೇರೆ ಅವಕಾಶವಿದ್ದರೆ ಅಲ್ಲಿಗೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಉತ್ತರವನ್ನು ಅರ್ಜಿಯಲ್ಲೇ ಬರೆಯಬೇಕು. ಹಿಂದೆ ಸಿವಿಲ್ ದಾವೆ ಹೂಡಿ ಸೋತಿದ್ದರೆ ಅದನ್ನೂ ಹೇಳಲೇಬೇಕು, ಏಕೆಂದರೆ ಮುಚ್ಚಿಟ್ಟ ಸಂಗತಿ ಎದುರುಪಕ್ಷದ ಬಾಯಿಂದ ಹೊರಬಿದ್ದ ದಿನ ಗಟ್ಟಿ ಪ್ರಕರಣವೂ ಬಿದ್ದುಹೋಗುತ್ತದೆ.

ತುರ್ತಿನ ಕಾರಣ ತಿಳಿಸಿ, ಬೇಗ ವಿಚಾರಣೆಗೆ ಕೋರಿ ವಕೀಲರು ಮೆಮೊ (ಚಿಕ್ಕ ಲಿಖಿತ ಕೋರಿಕೆ) ಸಲ್ಲಿಸುತ್ತಾರೆ. ಅರ್ಜಿಯ ಪ್ರತಿಯನ್ನು ಎದುರುಪಕ್ಷದ ವಕೀಲರಿಗೆ ಮೊದಲೇ ತಲುಪಿಸುವುದು ಲೇಸು. ಪ್ರತಿಯನ್ನೂ ಕೊಡದೆ, ಅವರ ಮಾತನ್ನೂ ಕೇಳದೆ ಆದೇಶ ಹೊರಟಿದ್ದು, ಆ ಆದೇಶದ ತೆರವಿಗೆ ಎದುರುಪಕ್ಷದವರು ಅರ್ಜಿ ಹಾಕಿ ನಿಮಗೆ ಪ್ರತಿ ಕೊಟ್ಟರೆ, 226(3)ನೇ ವಿಧಿಯಂತೆ ಎರಡು ವಾರದಲ್ಲಿ ಅವರ ಅರ್ಜಿ ಇತ್ಯರ್ಥವಾಗಬೇಕು. ಆಗದಿದ್ದರೆ ಮಧ್ಯಂತರ ಆದೇಶ ತಾನಾಗಿಯೇ ತೆರವಾಗುತ್ತದೆ.

ಆದೇಶ ಸಿಕ್ಕ ಕೂಡಲೇ ಅದರ ಪ್ರತಿಯನ್ನು ನಗರಸಭೆಗೆ ಮುಟ್ಟಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಜೆಸಿಬಿ ಬಂದು ನಿಂತಾಗ ತೋರಿಸಲು ಅದೇ ಕೈಯಲ್ಲಿರಬೇಕಾದ ಕಾಗದ. ಬಳಿಕ ಆದೇಶದ ಕೊನೆಯ ಸಾಲನ್ನು ಓದಿರಿ. ‘ಮುಂದಿನ ವಿಚಾರಣೆಯವರೆಗೆ’ ಎಂದಿದ್ದರೆ, ಆ ದಿನ ವಕೀಲರು ಹಾಜರಿದ್ದು ವಿಸ್ತರಣೆ ಕೇಳುವರೇ ಎಂಬುದನ್ನು ಹಿಂದಿನ ಸಂಜೆಯೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.